ಉಸ್ಮಾನಿಯಾದ ನೆನಪು: ಹೇಳಿದ್ದೆಷ್ಟು, ಬಿಟ್ಟದ್ದೆಷ್ಟು?

ಪರನಾಡಿನಲ್ಲಿ ನೆಲೆನಿಂತ ಕನ್ನಡಿಗರು ನಾಲ್ಕು ಜನ ಒಂದೆಡೆ ಸೇರಿದರೆ ಮಾತು ಬಹುಮಟ್ಟಿಗೆ ಮೂರು ವಿಷಯಗಳ ಸುತ್ತ ಸುಳಿಯುತ್ತದೆ: ಬಿಟ್ಟುಬಂದ ಊರು, ಮಕ್ಕಳ ಓದು, ತಮ್ಮ ಕಾಲೇಜಿನ ದಿನಗಳು. ಮೊದಲ ಎರಡರಲ್ಲಿ ನಿಟ್ಟುಸಿರಿಗೂ ಚಿಂತೆಗೂ ಪಾಲುಂಟು. ಮೂರನೆಯದರಲ್ಲಿ ಮಾತ್ರ ಎಲ್ಲರ ಮುಖವೂ ಅರಳುತ್ತದೆ. ಸಂಘಗಳ ಸ್ಮರಣ ಸಂಚಿಕೆಗಳಲ್ಲೂ ಮಾಸಪತ್ರಿಕೆಗಳಲ್ಲೂ 'ನನ್ನ ವಿದ್ಯಾರ್ಥಿ ಜೀವನ' ಎಂಬ ಲೇಖನಗಳಿಗೆ ಎಂದೂ ಬರವಿಲ್ಲ. ಇವುಗಳನ್ನು ನಾವು ಪ್ರೀತಿಯಿಂದ ಓದುತ್ತೇವೆ, ಓದಿ ಮರೆಯುತ್ತೇವೆ. ಆದರೆ ನೆನಪಿನ ಬರಹವೂ ಸಾಹಿತ್ಯದ ಒಂದು ಪ್ರಕಾರವೇ. ಕಥೆ ಕಾದಂಬರಿಗಳನ್ನು ತೂಗಿ ನೋಡುವ ನಾವು ಇದನ್ನೇಕೆ ತೂಗದೆ ಬಿಡಬೇಕು? ಹೈದರಾಬಾದಿನ ಕನ್ನಡಿಗರು ತಮ್ಮ ವಿಶ್ವವಿದ್ಯಾಲಯದ ದಿನಗಳನ್ನು ಹೇಗೆ ನೆನೆಯುತ್ತಾರೆ, ಆ ನೆನಪಿನಲ್ಲಿ ಗಟ್ಟಿಯೆಷ್ಟು, ಜೊಳ್ಳೆಷ್ಟು ಎಂಬುದನ್ನು ಇಲ್ಲಿ ಸ್ವಲ್ಪ ವಿಚಾರ ಮಾಡೋಣ.

ಅಳೆಯಲು ಒಂದು ಕೋಲು ಬೇಕಷ್ಟೆ. ಕನ್ನಡದಲ್ಲಿ ಅದಕ್ಕೆ ಕೊರತೆಯಿಲ್ಲ. ಕುವೆಂಪು ಅವರ 'ನೆನಪಿನ ದೋಣಿಯಲ್ಲಿ' 1980ರಲ್ಲಿ ಹೊರಬಂತು. ಮೈಸೂರಿನ ಮಹಾರಾಜ ಕಾಲೇಜು, ರಾಮಕೃಷ್ಣಾಶ್ರಮದ ವಾಸ, ಗುರುಗಳು, ಗೆಳೆಯರು ಎಲ್ಲವೂ ಅಲ್ಲಿವೆ. ಆದರೆ ಆ ಗ್ರಂಥದ ಜೀವಾಳ ಒಂದು ಪ್ರಶ್ನೆಯಲ್ಲಿದೆ. ಇಂಗ್ಲಿಷಿನಲ್ಲಿ ಕವಿತೆ ಬರೆಯುತ್ತಿದ್ದ ಮಲೆನಾಡಿನ ಹುಡುಗ ಕನ್ನಡಕ್ಕೆ ಹೊರಳಿದ್ದು ಹೇಗೆ? ನಿನ್ನ ಭಾಷೆಯಲ್ಲೇ ಬರೆ ಎಂದು ಐರಿಷ್ ಕವಿ ಜೇಮ್ಸ್ ಕಸಿನ್ಸ್ ಹೇಳಿದ ಪ್ರಸಂಗ ಕನ್ನಡಿಗರಿಗೆಲ್ಲ ಗೊತ್ತು. ಅದು ಒಬ್ಬ ಕವಿಯ ಜೀವನದ ಘಟನೆ ಮಾತ್ರವಲ್ಲ. 1916ರಲ್ಲಿ ಸ್ಥಾಪನೆಯಾದ ಮೈಸೂರು ವಿಶ್ವವಿದ್ಯಾಲಯದಲ್ಲಿ ಕನ್ನಡ ಎಂ.ಎ. ಆರಂಭವಾದದ್ದು 1927ರಲ್ಲಿ. ಆ ಮೊದಲ ತಂಡದಲ್ಲಿ ಕುವೆಂಪು ಇದ್ದರು. ಒಬ್ಬನ ನೆನಪಿನೊಳಗೆ ಒಂದು ನಾಡಿನ ವಿದ್ಯೆಯ ಚರಿತ್ರೆಯೇ ಅಡಗಿದೆ. ಕೆಲವೆಡೆ ಕವಿ ಕಾಲೇಜನ್ನು ಮರೆಸಿಬಿಡುತ್ತಾನೆ, ಕವನಗಳು ಹುಟ್ಟಿದ ಸಂದರ್ಭಗಳೇ ಮುಂದಾಗುತ್ತವೆ ಎಂಬ ಆಕ್ಷೇಪಣೆ ಇರಬಹುದು. ಆದರೂ ಭಾಷೆಯ ಪ್ರಶ್ನೆಯನ್ನು ಅವರು ಕೈಬಿಡಲಿಲ್ಲ.

ಎಸ್. ಎಲ್. ಭೈರಪ್ಪನವರ 'ಭಿತ್ತಿ' (1996) ಬೇರೆ ಜಾತಿಯ ಪುಸ್ತಕ. ಅದೇ ಮೈಸೂರು, ಅದೇ ಮಹಾರಾಜ ಕಾಲೇಜು. ಆದರೆ ಇಲ್ಲಿ ಮೊದಲು ಬರುವುದು ಹಸಿವು. ವಾರಾನ್ನ, ಫೀಜಿನ ಹಣ, ಬಟ್ಟೆ, ತಲೆಯ ಮೇಲೊಂದು ಸೂರು ಇವುಗಳ ಲೆಕ್ಕವನ್ನು ಅವರು ಕಿಂಚಿತ್ತೂ ಬಿಡದೆ ಕೊಟ್ಟಿದ್ದಾರೆ. ತತ್ತ್ವಶಾಸ್ತ್ರದ ಓದಿಗೂ ಆ ಹೊತ್ತಿನ ಊಟಕ್ಕೂ ಇರುವ ಸಂಬಂಧ ಓದುಗನಿಗೆ ಅರಿವಾಗದೆ ಇರದು. ಗಿರೀಶ ಕಾರ್ನಾಡರ 'ಆಡಾಡತ ಆಯುಷ್ಯ' (2011) ಧಾರವಾಡದ ಕರ್ನಾಟಕ ಕಾಲೇಜಿನ ಚಿತ್ರ ಕೊಡುತ್ತದೆ. ನಾಟಕಕಾರ ಗಣಿತ, ಸಂಖ್ಯಾಶಾಸ್ತ್ರಗಳನ್ನು ಏಕೆ ಓದಿದ? ಮೊದಲ ದರ್ಜೆ ಬಂದರೆ ವಿದೇಶದ ದಾರಿ ತೆರೆದೀತೆಂದು. ಜ್ಞಾನದಾಹ ಎಂದು ಅದಕ್ಕೆ ಬಣ್ಣ ಹಚ್ಚದೆ ಇದ್ದದ್ದನ್ನು ಇದ್ದಂತೆ ಹೇಳಿಕೊಂಡದ್ದು ಅವರ ಹಿರಿಮೆ.

ಇನ್ನು ಅರವಿಂದ ಮಾಲಗತ್ತಿಯವರ 'ಗೌರ್ಮೆಂಟ್ ಬ್ರಾಹ್ಮಣ' (1994), ಸಿದ್ಧಲಿಂಗಯ್ಯನವರ 'ಊರು ಕೇರಿ' ಬಂದ ಮೇಲೆ 'ಆ ದಿನಗಳೆಷ್ಟು ಚೆನ್ನ' ಎಂಬ ರಾಗಕ್ಕೆ ಕನ್ನಡದಲ್ಲಿ ಮೊದಲಿನ ಸಲಿಗೆ ಉಳಿಯಲಿಲ್ಲ. ಓದಲು ಜಾಗವಿಲ್ಲದೆ ಸ್ಮಶಾನದಲ್ಲಿ ಪುಸ್ತಕ ಹಿಡಿದು ಕುಳಿತ ಹುಡುಗನ ಕಥೆಯನ್ನು ಸಿದ್ಧಲಿಂಗಯ್ಯ ನಗುನಗುತ್ತಲೇ ಹೇಳುತ್ತಾರೆ. ನಕ್ಕ ಮೇಲೆ ಓದುಗನ ಗಂಟಲು ಕಟ್ಟುತ್ತದೆ. ಒಂದೇ ವಿದ್ಯಾರ್ಥಿನಿಲಯದ ಗೋಡೆಯೊಳಗೆ ಎಲ್ಲರ ವಿದ್ಯಾರ್ಥಿ ಜೀವನವೂ ಒಂದೇ ಆಗಿರಲಿಲ್ಲ ಎಂಬುದನ್ನು ಇವರು ತೋರಿಸಿಕೊಟ್ಟರು.

ಈ ಪುಸ್ತಕಗಳಿಂದ ನಾವು ಕಲಿಯಬಹುದಾದದ್ದು ಇಷ್ಟು. ವಿಶ್ವವಿದ್ಯಾಲಯದ ನೆನಪು ನಿಲ್ಲುವಂಥದ್ದಾಗಬೇಕಾದರೆ ಅದು ಮೂರು ಮಾತಿಗೆ ಉತ್ತರ ಕೊಡಬೇಕು. ಯಾವ ಭಾಷೆಯಲ್ಲಿ ಕಲಿತಿರಿ? ಯಾರ ಅನ್ನ ಉಂಡು ಕಲಿತಿರಿ? ನಿಮ್ಮ ಪಕ್ಕದ ಬೆಂಚಿನಲ್ಲಿ ಯಾರಿರಲಿಲ್ಲ? ಇವನ್ನು ಬಿಟ್ಟು ಬರೆದದ್ದು ಹಳೆಯ ಗ್ರೂಪ್ ಫೋಟೋದಂತೆ. ಅದರಲ್ಲಿರುವವರಿಗೆ ಮಾತ್ರ ಪ್ರಿಯ.

ಈಗ ನಮ್ಮ ಹೈದರಾಬಾದಿಗೆ ಬರೋಣ. ಇಲ್ಲಿಯ ಹಳೆಯ ಕನ್ನಡ ಮನೆತನಗಳಿಗೆ ವಿಶ್ವವಿದ್ಯಾಲಯವೆಂದರೆ ಉಸ್ಮಾನಿಯಾ. 1918ರಲ್ಲಿ ಏಳನೆಯ ನಿಜಾಮ ಮೀರ್ ಉಸ್ಮಾನ್ ಅಲಿ ಖಾನರು ಸ್ಥಾಪಿಸಿದ ಈ ವಿದ್ಯಾಪೀಠದಲ್ಲಿ 1919ರ ಆಗಸ್ಟಿನಲ್ಲಿ ಪಾಠ ಆರಂಭವಾದಾಗ ಇದ್ದವರು 225 ವಿದ್ಯಾರ್ಥಿಗಳು. ಬೆಲ್ಜಿಯಂ ದೇಶದ ವಾಸ್ತುಶಿಲ್ಪಿ ಅರ್ನೆಸ್ಟ್ ಜಾಸ್ಪರ್ ವಿನ್ಯಾಸದ ಆರ್ಟ್ಸ್ ಕಾಲೇಜು ಕಟ್ಟಡಕ್ಕೆ 1934ರಲ್ಲಿ ಅಡಿಗಲ್ಲು ಬಿತ್ತು. 1939ರ ಡಿಸೆಂಬರಿನಲ್ಲಿ ಅದರ ಉದ್ಘಾಟನೆಯಾಯಿತು. ಗುಲಬರ್ಗಾ (ಇಂದಿನ ಕಲಬುರಗಿ), ಬೀದರ, ರಾಯಚೂರುಗಳು ನಿಜಾಮ್ ಸಂಸ್ಥಾನದಲ್ಲಿದ್ದಾಗ ಅಲ್ಲಿಯ ಹುಡುಗರು ಗುಲಬರ್ಗಾದಲ್ಲಿ ಇಂಟರ್ಮೀಡಿಯಟ್ ಮುಗಿಸಿದರೆ ಮುಂದಿನ ದಾರಿ ವಾಡಿ ಜಂಕ್ಷನ್ನಿನ ಮೇಲೆ ಹೈದರಾಬಾದಿಗೇ. ವಕೀಲನಾಗಬೇಕೆಂದರೂ, ತಹಸೀಲ ಕಚೇರಿಯಲ್ಲಿ ದೊಡ್ಡ ಹುದ್ದೆ ಹಿಡಿಯಬೇಕೆಂದರೂ ಈ ಪಟ್ಟಣದ ಮೆಟ್ಟಿಲು ಹತ್ತಲೇಬೇಕಿತ್ತು.

ಉಸ್ಮಾನಿಯಾಕ್ಕೆ ಚರಿತ್ರೆಯಲ್ಲಿ ಒಂದು ವಿಶೇಷ ಸ್ಥಾನವಿದೆ. ಬ್ರಿಟಿಷರ ಕಾಲದಲ್ಲಿ ಆಧುನಿಕ ವಿದ್ಯೆಗಳನ್ನೆಲ್ಲ ಒಂದು ದೇಶಭಾಷೆಯಲ್ಲಿ ಕಲಿಸಲು ಹೊರಟ ಮೊದಲ ವಿಶ್ವವಿದ್ಯಾಲಯ ಇದು. ಭಾಷಾಂತರ ವಿಭಾಗವನ್ನು ತೆರೆದು, ಮೌಲ್ವಿ ಅಬ್ದುಲ್ ಹಕ್ಕರಂಥ ವಿದ್ವಾಂಸರ ಕೈಯಲ್ಲಿ ಅದನ್ನಿಟ್ಟು, ಇತಿಹಾಸದಿಂದ ಹಿಡಿದು ವೈದ್ಯಶಾಸ್ತ್ರದವರೆಗೆ ಪುಸ್ತಕಗಳನ್ನು ಉರ್ದುವಿಗೆ ತಂದರು. ವೈದ್ಯಕೀಯವನ್ನೂ ಎಂಜಿನಿಯರಿಂಗನ್ನೂ ಉರ್ದುವಿನಲ್ಲಿ ಕಲಿಸಿದರು. 'ನಮ್ಮ ಭಾಷೆಯಲ್ಲಿ ವಿಜ್ಞಾನ ಹೇಳಲಾಗದು' ಎಂದು ಇಂದಿಗೂ ಹೇಳುವವರಿಗೆ ಇದಕ್ಕಿಂತ ಒಳ್ಳೆಯ ಉತ್ತರ ಬೇಕಿಲ್ಲ.

ಆದರೆ ಯಾರ ಭಾಷೆ? ಆ ಸಂಸ್ಥಾನದಲ್ಲಿ ಹೆಚ್ಚು ಕಡಿಮೆ ಅರ್ಧದಷ್ಟು ಜನ ತೆಲುಗರು, ಕಾಲು ಭಾಗ ಮರಾಠಿಗರು. ಉರ್ದು ಮನೆಮಾತಿನವರು ಹತ್ತರಲ್ಲಿ ಒಬ್ಬರಷ್ಟು. ಕನ್ನಡಿಗರೂ ಸುಮಾರು ಅಷ್ಟೇ. ಹೀಗಾಗಿ ಇಂಗ್ಲಿಷಿನ ನೊಗ ಇಳಿಸಿದ ವಿಶ್ವವಿದ್ಯಾಲಯವೆಂದು ಹೆಸರಾದ ಕಡೆ ಆಳಂದದ ಹುಡುಗನ ಹೆಗಲಿಗೆ ಎರಡು ನೊಗ ಬಿದ್ದವು. ಪಾಠಕ್ಕೆ ಉರ್ದು, ಕಡ್ಡಾಯ ವಿಷಯವಾಗಿ ಇಂಗ್ಲಿಷು. ಬೀಜಗಣಿತ ಅವನಿಗೆ 'ಜಬರ್-ಒ-ಮುಕಾಬಲಾ', ಭೌತವಿಜ್ಞಾನ 'ತಬೀಯಾತ್'. ಕನ್ನಡವೆಂಬುದು ಒಂದು ಐಚ್ಛಿಕ ಭಾಷೆ, ಮನೆಗೆ ಬರೆಯುವ ಕಾಗದದ ಭಾಷೆ. ಮೈಸೂರಿನವರೂ ಸುಖವಾಗಿದ್ದರೆಂದಲ್ಲ, ಅಲ್ಲಿ ಇಂಗ್ಲಿಷಿತ್ತು. ಧಾರವಾಡದಲ್ಲಿಯೂ ಇಂಗ್ಲಿಷೇ. ಒಟ್ಟಿನಲ್ಲಿ ಕನ್ನಡದ ಹುಡುಗ ಎಲ್ಲಿ ಓದಿದರೂ ಬೇರೆಯವರ ಮನೆಯ ಭಾಷೆಯಲ್ಲೇ ಓದಿದ. ಆದರೆ ಮೈಸೂರಿನವರು ಆ ಸಂಕಟವನ್ನು ಬರೆದರು. ನಮ್ಮವರ ಸಂಕಟ ಅಂಥ ಮನೆಮಾತಾದ ಪುಸ್ತಕವಾಗಲಿಲ್ಲ.

ನಮ್ಮ ಕೂಟಗಳಲ್ಲಿ ಕೇಳಿಬರುವ ಉಸ್ಮಾನಿಯಾ ಯಾವುದು? ಆರ್ಟ್ಸ್ ಕಾಲೇಜಿನ ಎತ್ತರದ ಕಮಾನು, ನಸುಗೆಂಪು ಕಲ್ಲು, ಜಾಮಿಯಾ ಉಸ್ಮಾನಿಯಾ ಸ್ಟೇಷನ್ನು, ಎ ಹಾಸ್ಟೆಲ್ ಬಿ ಹಾಸ್ಟೆಲ್‌ಗಳ ಕಿಡಿಗೇಡಿತನ, ಡಬಲ್ ಡೆಕರ್ ಬಸ್ಸಿನ ಮೇಲಂತಸ್ತು, ಆಬಿಡ್ಸಿನ ಭಾನುವಾರದ ಹಳೆ ಪುಸ್ತಕಗಳ ಸಾಲು, ಇರಾನಿ ಹೋಟೆಲಿನ ಚಹಾ, ಜೊತೆಗೆ ಉಸ್ಮಾನಿಯಾ ಬಿಸ್ಕತ್ತು. ಎಲ್ಲವೂ ನಿಜ, ಎಲ್ಲವೂ ಸವಿ. ಆದರೆ ಕೇಳುತ್ತ ಕೇಳುತ್ತ ಒಂದು ಅನುಮಾನ ಮೂಡುತ್ತದೆ: ನಮ್ಮ ನೆನಪಿನಲ್ಲಿ ವಿಶ್ವವಿದ್ಯಾಲಯಕ್ಕಿಂತ ಬಿಸ್ಕತ್ತೇ ದೊಡ್ಡದಾಗಿ ಕುಳಿತಿದೆಯಲ್ಲ! ಏನು ತಿಂದೆವೆಂಬುದು ನೆನಪಿದೆ, ಏನು ಓದಿದೆವೆಂಬುದಕ್ಕೆ ಮಾತಿಲ್ಲ. ಕಮಾನಿನ ವರ್ಣನೆಯಿದೆ, ಅದರ ಕೆಳಗೆ ಹಾದುಹೋದವನ ಎದೆ ಡವಡವಿಸಿದ್ದು ಏಕೆಂಬ ಮಾತಿಲ್ಲ.

ಆ ತರಗತಿಯ ಅನುಭವ ಬರಿಯ ಕಷ್ಟದ ಕಥೆಯೂ ಅಲ್ಲ. ಉರ್ದು ಕಲಿತ ಕನ್ನಡಿಗ ಕಳೆದುಕೊಂಡದ್ದರ ಜೊತೆಗೆ ಪಡೆದುಕೊಂಡದ್ದೂ ಉಂಟು. ರಾಯಚೂರಿನ ಶಾಂತರಸರು ಗಜಲನ್ನು ಕನ್ನಡಕ್ಕೆ ತಂದು ನೆಲೆಗೊಳಿಸಿದರು. 2006ರ ಬೀದರ ಸಾಹಿತ್ಯ ಸಮ್ಮೇಳನಕ್ಕೆ ಅವರು ಅಧ್ಯಕ್ಷರಾದರು. ಉರ್ದುವಿನ ನೆರಳು ಬಿದ್ದ ನೆಲದಲ್ಲಲ್ಲದೆ ಅಂಥ ಬೆಳೆ ಎಲ್ಲಿ ಬಂದೀತು? ತೆಲುಗಿನ ಸಿ. ನಾರಾಯಣರೆಡ್ಡಿಯವರು ಉಸ್ಮಾನಿಯಾದಲ್ಲಿ ಉರ್ದು ಮಾಧ್ಯಮದಲ್ಲೇ ಬಿ.ಎ. ಓದಿ, ಆಮೇಲೆ ತೆಲುಗಿನ ಪ್ರಾಧ್ಯಾಪಕರಾಗಿ, 1988ರ ಜ್ಞಾನಪೀಠ ಪಡೆದರು. ಇತ್ತ ಕನ್ನಡದ ದೀಪ ಆರದಂತೆ ಕಾದವರಲ್ಲಿ ಉಸ್ಮಾನಿಯಾದಲ್ಲಿ ಕನ್ನಡ ಕಲಿಸಿದ ಡಿ. ಕೆ. ಭೀಮಸೇನರಾಯರ ಹೆಸರನ್ನು ಹಿರಿಯರು ಇಂದಿಗೂ ಗೌರವದಿಂದ ಹೇಳುತ್ತಾರೆ. ಇಂಥ ಗುರುಗಳ ಪಾಠ ಹೇಗಿತ್ತು, ಉರ್ದುವಿನ ಗಂಟೆ ಮುಗಿಸಿ ಕನ್ನಡದ ಗಂಟೆಗೆ ಬಂದು ಕುಳಿತ ಹುಡುಗನಿಗೆ ಏನನ್ನಿಸಿತು? ನಾವು ಓದಬಯಸುವುದು ಇದನ್ನು. ಬಿಸ್ಕತ್ತಿನ ವಿಷಯ ನಮಗೂ ಗೊತ್ತು.

ನೆನಪು ಜಾರಿಸಿಬಿಡುವ ಎರಡನೆಯ ಸಂಗತಿ ಚಳವಳಿ. 1938ರ ಕೊನೆಯಲ್ಲಿ ಹಾಸ್ಟೆಲಿನ ಪ್ರಾರ್ಥನೆಯಲ್ಲಿ ವಂದೇ ಮಾತರಂ ಹಾಡಬಾರದೆಂಬ ಅಪ್ಪಣೆಯ ವಿರುದ್ಧ ವಿದ್ಯಾರ್ಥಿಗಳು ಎದ್ದರು. ಔರಂಗಾಬಾದ್, ಗುಲಬರ್ಗಾಗಳ ಕಾಲೇಜುಗಳಿಗೂ ಅದು ಹಬ್ಬಿತು. ಅನೇಕರನ್ನು ಹೊರಹಾಕಲಾಯಿತು. ಅವರಲ್ಲಿ ಎಷ್ಟೋ ಜನರಿಗೆ ಆಶ್ರಯ ಕೊಟ್ಟದ್ದು ನಾಗಪುರ ವಿಶ್ವವಿದ್ಯಾಲಯ. ಮುಂದೆ ಪ್ರಧಾನಿಯಾದ ಪಿ. ವಿ. ನರಸಿಂಹರಾಯರೂ ಹಾಗೆ ನಾಗಪುರಕ್ಕೆ ಹೋದವರೇ. ಅವರು 1998ರಲ್ಲಿ ಪ್ರಕಟಿಸಿದ ಇಂಗ್ಲಿಷ್ ಕಾದಂಬರಿ 'ದಿ ಇನ್‌ಸೈಡರ್'ನಲ್ಲಿ ಅಫ್ರೋಜಾಬಾದ್ ಎಂಬ ಕಲ್ಪಿತ ರಾಜ್ಯದ ನೆಪದಲ್ಲಿ ಈ ನಾಡಿನ ನೆನಪನ್ನು ಉಳಿಸಿದರು. ಪರೀಕ್ಷೆಯೋ ಹಾಡೋ ಎಂದು ಆರಿಸಬೇಕಾಗಿ ಬಂದ ಹುಡುಗನ ಮನೆಯಲ್ಲಿ ಅಂದು ರಾತ್ರಿ ಏನು ಮಾತಾಯಿತು? ಜಮೀನು ಒತ್ತೆಯಿಟ್ಟು ಓದಿಸುತ್ತಿದ್ದ ತಂದೆ ಏನೆಂದ? ಹಾಡಿದವರನ್ನು ಹೊಗಳುವುದು ಸುಲಭ. ಹಾಡದೆ ಸುಮ್ಮನೆ ಪರೀಕ್ಷೆಗೆ ಕುಳಿತವನ ಮನಸ್ಸನ್ನು ಬರೆಯುವುದು ಕಷ್ಟ. ಒಳ್ಳೆಯ ನೆನಪು ಆ ಕಷ್ಟಕ್ಕೂ ಒಡ್ಡಿಕೊಳ್ಳಬೇಕು.

1948ರ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯ ನಂತರ ಉಸ್ಮಾನಿಯಾದ ಮಾಧ್ಯಮ ಇಂಗ್ಲಿಷಿಗೆ ತಿರುಗಿತು. ಉರ್ದುವಿನಲ್ಲಿ ತಾರಾಡಿ ತಾರಾಡಿ ಹೇಗೋ ಕಾಲೂರಿದ್ದವರಿಗೆ ಮತ್ತೆ ಮೊದಲಿನಿಂದ ಅಂಬೆಗಾಲು. ಭಾಷಾಂತರ ವಿಭಾಗದ ದುಡಿಮೆ ಕಪಾಟು ಸೇರಿತು. 1956ರ ನವೆಂಬರ್ 1ರಂದು ಗುಲಬರ್ಗಾ, ಬೀದರ, ರಾಯಚೂರು ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಸೇರಿದವು. ಕನ್ನಡಿಗರೆಲ್ಲರಿಗೂ ಹಬ್ಬದ ದಿನ ಅದು. ಆದರೆ ಹೈದರಾಬಾದಿನ ಹಾಸ್ಟೆಲಿನಲ್ಲಿದ್ದ ರಾಯಚೂರಿನ ಹುಡುಗ ಅಕ್ಟೋಬರ್ 31ರ ರಾತ್ರಿ ತನ್ನ ರಾಜಧಾನಿಯಲ್ಲಿ ಮಲಗಿ, ಬೆಳಗಾಗುವಷ್ಟರಲ್ಲಿ ಪರರಾಜ್ಯದಲ್ಲಿ ಎದ್ದ. ಆ ಜಿಲ್ಲೆಗಳ ಕಾಲೇಜುಗಳು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ವ್ಯಾಪ್ತಿಗೆ ಬಂದವು. 1970ರಲ್ಲಿ ಗುಲಬರ್ಗಾದಲ್ಲಿ ಸ್ನಾತಕೋತ್ತರ ಕೇಂದ್ರ, 1980ರಲ್ಲಿ ಸ್ವತಂತ್ರ ವಿಶ್ವವಿದ್ಯಾಲಯ ಬಂದಿತು. ಹೈದರಾಬಾದಿನ ದಾರಿ ಸವೆಯುತ್ತ ಹೋಯಿತು. ಅಲ್ಲಿಯೇ ಉಳಿದ ಮನೆತನಗಳು ಕಾಚಿಗೂಡ, ಸುಲ್ತಾನ್ ಬಜಾರಿನ ಸುತ್ತ ಕನ್ನಡವನ್ನು ಕಾಪಾಡಿಕೊಂಡವು. ಗೆಲುವಿನ ಚರಿತ್ರೆಯೊಳಗಿನ ಈ ಸಣ್ಣ ನೋವನ್ನು ರಾಜ್ಯೋತ್ಸವದ ಭಾಷಣಗಳಲ್ಲಿ ಹೇಳುವಂತಿಲ್ಲ. ಹೇಳಬಹುದಾದ ಜಾಗ ನೆನಪಿನ ಬರಹವೊಂದೇ.

ಬಳಿಕ 1969. ಪ್ರತ್ಯೇಕ ತೆಲಂಗಾಣದ ಚಳವಳಿಗೆ ಉಸ್ಮಾನಿಯಾ ಕೇಂದ್ರವಾಯಿತು. ಪಾಠ ನಿಂತಿತು, ಗುಂಡು ಹಾರಿತು, ಹುಡುಗರು ಸತ್ತರು. ಮುಲ್ಕಿ, ಗೈರ್ ಮುಲ್ಕಿ ಎಂಬ ಮಾತು ಬೀದಿಯಲ್ಲೆಲ್ಲ ಕೇಳಿಸಿತು. ಮೂರು ತಲೆಮಾರಿನಿಂದ ಇಲ್ಲಿದ್ದ ಬೀದರದ ಮನೆತನ ಮುಲ್ಕಿ. ಬ್ಯಾಂಕಿನ ವರ್ಗಾವಣೆಯ ಮೇಲೆ ಮೈಸೂರು ಕಡೆಯಿಂದ ಬಂದವರು, ಹೋಟೆಲು ಹಾಕಲು ಉಡುಪಿಯಿಂದ ಬಂದವರು ಗೈರ್ ಮುಲ್ಕಿ. ಒಂದೇ ಸಂಘದ ಒಂದೇ ಪಂಕ್ತಿಯಲ್ಲಿ ಕುಳಿತು ಉಂಡವರ ನಡುವೆ ಈ ಗೆರೆ ಎಳೆದಾಗ ನಮ್ಮವರು ಏನು ಮಾಡಿದರು? ನಮ್ಮ ಸ್ಮರಣ ಸಂಚಿಕೆಗಳಲ್ಲಿ ಈ ಪ್ರಶ್ನೆ ಎದ್ದು ಕಾಣುವುದಿಲ್ಲ. ತೆಲಂಗಾಣ ರಾಜ್ಯ 2014ರ ಜೂನ್ 2ರಂದು ಬಂದೇ ಬಂತು. ಇನ್ನಾದರೂ ಆ ವರ್ಷದ ಮಾತನ್ನು ಹೆದರಿಕೆಯಿಲ್ಲದೆ ಆಡಬಹುದಲ್ಲವೆ?

ಮೂರನೆಯ ಕೊರತೆ ಹೆಣ್ಣುಮಕ್ಕಳದು. ವಿದ್ಯಾರ್ಥಿ ಜೀವನವೆಂದರೆ ಹಾಸ್ಟೆಲು, ಖಾನಾವಳಿ, ರಾತ್ರಿಯ ಎರಡನೆಯ ಆಟದ ಸಿನಿಮಾ ಎಂದು ಗಂಡಸರು ಬರೆದದ್ದೇ ಮಾದರಿಯಾಗಿಬಿಟ್ಟಿದೆ. ಹಿಂದೆ ಬ್ರಿಟಿಷ್ ರೆಸಿಡೆನ್ಸಿಯಾಗಿದ್ದ ಕೋಠಿಯ ಭವ್ಯ ಕಟ್ಟಡದಲ್ಲಿ ಮಹಿಳಾ ಕಾಲೇಜು ನಡೆಯಿತು. ಬೆಳಿಗ್ಗೆ ಮನೆಗೆಲಸ ಮುಗಿಸಿ, ಬಸ್ಸಿನ ಹೆಂಗಸರ ಸೀಟಿನಲ್ಲಿ ಜಾಗ ಹಿಡಿದು, ಅಲ್ಲಿ ಓದಿ, ಕತ್ತಲಾಗುವ ಮೊದಲೇ ಮನೆ ಮುಟ್ಟುತ್ತಿದ್ದ ಕನ್ನಡದ ಹುಡುಗಿಯರು ಇದ್ದರಲ್ಲ? ಅವರಿಗೆ ಎರಡನೆಯ ಆಟ ಇರಲಿಲ್ಲ. ಮದುವೆ ನಿಶ್ಚಯವಾಗಿ ಕೊನೆಯ ವರ್ಷ ಬಿಟ್ಟವರು, ಮದುವೆಯಾದ ಮೇಲೆ ಪಟ್ಟು ಹಿಡಿದು ಪರೀಕ್ಷೆಗೆ ಕಟ್ಟಿದವರು ನಮ್ಮ ಎಷ್ಟು ಮನೆಗಳಲ್ಲಿಲ್ಲ? ಅವರು ಬರೆದರೆ ಈ ಪ್ರಕಾರದ ರೂಪವೇ ಬದಲಾದೀತು.

ಇಷ್ಟನ್ನೂ ಓದಿದ ಕೆಲವರು ಹೀಗೆ ಕೇಳಬಹುದು: 'ದಿನವಿಡೀ ದುಡಿದು ಬಂದವನು ಹಳೆಯ ದಿನಗಳನ್ನು ನೆನೆದು ನಾಲ್ಕು ಗಳಿಗೆ ಹಗುರಾದರೆ ನಿಮ್ಮದೇನು ಗಂಟು ಹೋಯಿತು? ಎಲ್ಲರೂ ಕುವೆಂಪು ಆಗಬೇಕೆ?' ಈ ಮಾತಿನಲ್ಲಿ ಸತ್ಯವಿದೆ. ನೆನಪಿನ ಸವಿಯನ್ನು ಕಸಿಯುವ ಹಕ್ಕು ವಿಮರ್ಶೆಗಿಲ್ಲ. ಸಂಘದ ಪತ್ರಿಕೆಗೆ ಬರೆಯುವವರು ಮಹಾಕವಿಗಳಾಗಿರಬೇಕೆಂದೂ ನಾವು ಹೇಳುತ್ತಿಲ್ಲ. ಆದರೆ ಸವಿಯನ್ನಷ್ಟೇ ಉಳಿಸಿಕೊಂಡ ನೆನಪು ಮಕ್ಕಳ ಕೈಗೆ ದಾಟುವುದಿಲ್ಲ. ಇಂದಿನ ನಮ್ಮ ಮಕ್ಕಳು ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಇಂಗ್ಲಿಷು, ಬೀದಿಯಲ್ಲಿ ತೆಲುಗು ಮತ್ತು ದಖನಿ ಎಂದು ನಾಲ್ಕು ದೋಣಿಗಳಲ್ಲಿ ಕಾಲಿಟ್ಟಿದ್ದಾರೆ. 'ನನಗೇ ಏಕೆ ಈ ತಾಪತ್ರಯ?' ಎಂದು ಕೇಳುವ ಹುಡುಗನಿಗೆ ಅಜ್ಜನ ಚಹಾದ ಕಥೆಯಿಂದ ಏನು ಪ್ರಯೋಜನ? 'ನಿನ್ನಜ್ಜ ಬೀಜಗಣಿತವನ್ನು ಉರ್ದುವಿನಲ್ಲಿ ಕಲಿತು, ಮನೆಗೆ ಕನ್ನಡದಲ್ಲಿ ಕಾಗದ ಬರೆದು, ಆಮೇಲೆ ಇಂಗ್ಲಿಷಿನಲ್ಲಿ ಪರೀಕ್ಷೆ ಕೊಟ್ಟ, ಹೀಗೆ ಹೀಗೆ ಎಡವಿದ, ಹೀಗೆ ಎದ್ದ' ಎಂದು ಬರೆದಿಟ್ಟ ಒಂದು ಪುಟವಿದ್ದರೆ ಅದು ಅವನಿಗೆ ಊರುಗೋಲಾಗುತ್ತದೆ. ತಾನು ಒಬ್ಬಂಟಿಯಲ್ಲ, ತನ್ನ ಮನೆತನದಲ್ಲಿ ಈ ದಾರಿ ನಡೆದವರಿದ್ದಾರೆ ಎಂದು ಅವನಿಗೆ ತಿಳಿಯುತ್ತದೆ.

ಕಾಲವೂ ಹೆಚ್ಚಿಲ್ಲ. ಉಸ್ಮಾನಿಯಾದಲ್ಲಿ ಉರ್ದು ಮಾಧ್ಯಮದ ಕೊನೆಯ ತಂಡಗಳಿಗೆ ಸೇರಿದವರು ಈಗ ತೊಂಬತ್ತು ದಾಟಿದವರು, ಬೆರಳೆಣಿಕೆಯಷ್ಟು ಜನ. 1956ರ ವಿದ್ಯಾರ್ಥಿಗಳಿಗೆ ಎಂಬತ್ತರ ಮೇಲೆ. 1969ರವರಿಗೆ ಎಪ್ಪತ್ತೈದರ ಆಸುಪಾಸು. ನಮ್ಮಲ್ಲಿ ಅನೇಕರ ಮನೆಯ ಹಜಾರದಲ್ಲಿ ಇಂಥವರೊಬ್ಬರು ಕುರ್ಚಿಯ ಮೇಲೆ ಕುಳಿತಿದ್ದಾರೆ. ಕೈ ನಡುಗುತ್ತದೆ, ಬರೆಯಲಾಗದು ಎಂದರೆ ಅವರು ಹೇಳಲಿ, ಮೊಮ್ಮಕ್ಕಳು ಬರೆದುಕೊಳ್ಳಲಿ. ಮೊಮ್ಮಗಳಿಗೆ ಕನ್ನಡ ಅಕ್ಷರ ತಡವರಿಸಿದರೆ ಅದೂ ಒಂದು ಪಾಠವೇ. ಕಮಾನಿನ ವರ್ಣನೆ ಇರಲಿ, ಬೇಡವೆನ್ನುವುದಿಲ್ಲ. ಆದರೆ ಅವರನ್ನು ಇಷ್ಟು ಕೇಳಿ: ಮೊದಲ ದಿನದ ಪಾಠ ಎಷ್ಟು ಅರ್ಥವಾಯಿತು? ಅರ್ಥವಾಗದ್ದನ್ನು ಯಾರು ಬಿಡಿಸಿ ಹೇಳಿದರು? ತಿಂಗಳ ಖರ್ಚಿಗೆ ಮನೆಯಿಂದ ಎಷ್ಟು ಬರುತ್ತಿತ್ತು, ಬಾರದ ತಿಂಗಳು ಏನು ಮಾಡಿದಿರಿ? ನಿಮ್ಮೂರಿನಿಂದ ಯಾರು ಬರಲಾಗಲಿಲ್ಲ? ಉತ್ತರ ಎರಡೇ ಪುಟವಾದರೂ ಸಾಕು. ಅಂಥ ಹತ್ತು ಜನರ ಎರಡೆರಡು ಪುಟ ಕೂಡಿದರೆ, ಹೈದರಾಬಾದಿನ ಕನ್ನಡಿಗರೂ ಒಂದು ವಿಶ್ವವಿದ್ಯಾಲಯದಲ್ಲಿ ಓದಿದ್ದರು ಎಂಬುದಕ್ಕೆ ಕನ್ನಡದಲ್ಲಿ ಒಂದು ಸಾಕ್ಷಿ ದೊರೆತಂತಾಗುತ್ತದೆ.